ಓದಬಹುದು, ಹೇಳಬಾರದು

ಬೇತ್ ಕಿತ್ತಾನಾ,
ಮರ್ಹೆಶ್ವಾನ್ ತಿಂಗಳ ಒಂಬತ್ತನೆಯ ದಿನ

ತೂರ್ ಪಟ್ಟಣದಲ್ಲಿರುವ ನನ್ನ ಮಗಳು ಶಪೀರಾಳಿಗೆ,

ನಿನ್ನ ಅಪ್ಪ ತನ್ಹೂಮ ಮಾಡುವ ಆಶೀರ್ವಾದ. ನೀನು, ನಿನ್ನ ಗಂಡ, ಮಕ್ಕಳು ಎಲ್ಲರೂ ಕ್ಷೇಮವಾಗಿರಿ. ಇಲ್ಲಿ ನಾವಿಬ್ಬರೂ ಉಸಿರಾಡಿಕೊಂಡಿದ್ದೇವೆ. ಅವ್ವನ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಏನೂ ಆಗಿಲ್ಲ.

ತಡವಾಯಿತು, ಮನ್ನಿಸು ಎಂದು ಎಲ್ಲರೂ ಓಲೆಯ ಮೊದಲಲ್ಲಿ ಬರೆಯುತ್ತಾರೆ. ಮಳೆ ಹಿಡಿಯಿತು, ಒಂಟೆಯವನು ಸಿಗಲಿಲ್ಲ, ಜ್ವರ ಬಂತು ಎನ್ನುತ್ತಾರೆ. ನನ್ನ ತಡ ಹನ್ನೊಂದು ವರ್ಷದ್ದು. ಇದನ್ನು ಒಂಟೆಯವನ ತಲೆಗೆ ಕಟ್ಟಲು ನನಗೂ ನಾಚಿಕೆ. ಹಬ್ಬ ಹಬ್ಬಕ್ಕೆ ಒಂದು ಕಟ್ಟು ಒಣ ಅಂಜೂರ ಕಳಿಸಿ, "ಚೆನ್ನಾಗಿದ್ದೀವಿ ಅಂತ ಹೇಳ್ಬಿಡಪ್ಪ" ಎಂದು ಕೈತೊಳೆದುಕೊಂಡವನು ನಾನು. ಊರಿಗೆಲ್ಲ ದೇವರ ಮಾತನ್ನು ಬಿಡಿಸಿ ಹೇಳುವ ಬಾಯಿ ಇದು, ಮಗಳಿಗೆ ಒಂದು ಸಾಲು ಹೇಳಲಿಲ್ಲ. ನಿನಗೆ ಅಕ್ಷರ ಕಲಿಸಿದವನು ನಾನೇ. ಆದ್ದರಿಂದ ಇದನ್ನು ನೀನೇ ಓದಿಕೋ, ಗಂಡನ ಕೈಲಿ ಓದಿಸಬೇಡ.

ಈಗ ಬರೆಯುತ್ತಿರುವುದಕ್ಕೆ ಕಾರಣ ಸಿಟ್ಟು. ಸಿಟ್ಟಿನಲ್ಲಿ ನನಗೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ. ಸಭಾಮಂದಿರದಲ್ಲಿ ಮೂವತ್ತು ವರ್ಷ ನಿಂತ ಜಾಗದಿಂದ ನನ್ನನ್ನು ಇಳಿಸಿದ್ದಾರೆ. ಹೊಸ ಚಂದ್ರ ಕಾಣುವಷ್ಟರಲ್ಲಿ ನಾನು ಹಿರಿಯರ ಮುಂದೆ ನಿಂತು, "ವಯಸ್ಸಾಯಿತು, ಬಾಯಿ ತಪ್ಪಿತು, ನಾನು ಹೇಳಿದ್ದು ಸುಳ್ಳು" ಎನ್ನಬೇಕಂತೆ. ಅಂದರೆ ನನ್ನ ಜಾಗ ನನಗೆ. ಅನ್ನದಿದ್ದರೆ ಬಹಿಷ್ಕಾರ; ಊರಲ್ಲಿ ಯಾರೂ ನಮಗೆ ಬೆಂಕಿಯ ಕೆಂಡವನ್ನೂ ಕೊಡುವಂತಿಲ್ಲ. ಇಷ್ಟೇ ಆಗಿದ್ದರೆ ಅಂದುಬಿಡುತ್ತಿದ್ದೆನೋ ಏನೋ. ಆದರೆ ನಾನು ಬಾಯಿ ತಪ್ಪಿತು ಎಂದ ಮರುದಿನವೇ ಬೆರೆಖ್ಯನ ನಾರಿನ ಮನೆಗೆ ಹುಡುಗಿಯರು ಮತ್ತೆ ಅಗಸೆ ನಾರು ನೂಲುವ ಕೆಲಸಕ್ಕೆ ಹೋಗಬೇಕಾಗುತ್ತದೆ.

ಬೆರೆಖ್ಯ. ಆ ಹೆಸರು ಬರೆಯುವಾಗ ಲೇಖನಿ ಒತ್ತಿ ಓಲೆ ತೂತಾಯಿತು, ನೋಡು. ಅವನು ನಾರಿನ ಮನೆಯ ಹಿಂದಿನ ಕೋಣೆಗೆ ನಿನ್ನನ್ನು ಕರೆದು ಅಗುಳಿ ಹಾಕಿದ್ದು ನಿನಗೆ ಗೊತ್ತು, ಅವ್ವನಿಗೆ ಗೊತ್ತು, ನನಗೆ ಗೊತ್ತು. ನಾಲ್ಕನೆಯವರಿಗೆ ಗೊತ್ತಾಗದಂತೆ ನಿನ್ನನ್ನು ತೂರಿನಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದೆವು. ನೀನು ಊರು ಬಿಟ್ಟೆ, ಅವನು ಊರಿಗೆ ಮುಖ್ಯಸ್ಥನಾದ. ಈಗ ಸಭಾಮಂದಿರಕ್ಕೆ ಹೊಸ ನೆಲ ಹಾಕಿಸಿದ್ದಾನೆ. ಹೊಸ್ತಿಲ ಬಳಿಯೇ ಬಣ್ಣದ ಕಲ್ಲು ಕೂಡಿಸಿ ಅವನ ಹೆಸರು ಬರೆಸಿದ್ದಾರೆ: ಈ ಪವಿತ್ರ ಸ್ಥಳಕ್ಕೆ ಒಳ್ಳೆಯದು ಮಾಡಿದ ಬೆರೆಖ್ಯ ಎಂದೆಂದೂ ನೆನಪಿನಲ್ಲಿರಲಿ ಅಂತ. ಅವ್ವ ಒಳಗೆ ಹೋಗುವಾಗಲೆಲ್ಲ ಅದರ ಮೇಲೆ ಕಾಲು ಒರೆಸಿಯೇ ಹೋಗುತ್ತಾಳೆ.

ನೀನು ಚಿಕ್ಕವಳಿದ್ದಾಗ ಒಂದು ಸಬ್ಬತ್ ದಿನ ಸಭಾಮಂದಿರದಿಂದ ಮನೆಗೆ ಬರುವ ದಾರಿಯಲ್ಲಿ ನನ್ನ ಅಂಗಿ ಹಿಡಿದೆಳೆದು ಕೇಳಿದ್ದೆ: "ಅಪ್ಪ, ಅವ್ರು ಓದ್ತಾನೇ ಇದ್ರು, ನೀನ್ಯಾಕೆ ನಡುವೆ ಸುಮ್ನಾಗ್ಬಿಟ್ಟೆ?" ನೆನಪಿದೆಯೋ ಇಲ್ಲವೋ. ಓದುವವನು ಸುರುಳಿ ನೋಡಿ ಪವಿತ್ರ ನುಡಿಯಲ್ಲಿ ಓದುತ್ತಾನೆ. ಆ ನುಡಿ ಊರಲ್ಲಿ ಹತ್ತು ಜನಕ್ಕೂ ತಿಳಿಯದು. ಪಕ್ಕದಲ್ಲಿ ನಾನು ಕೈಯಲ್ಲಿ ಏನೂ ಇಲ್ಲದೆ ನಿಂತು ಅದನ್ನೇ ನಮ್ಮ ಮಾತಿನಲ್ಲಿ ಹೇಳಬೇಕು. ಅವನ ದನಿಗಿಂತ ನನ್ನ ದನಿ ಏರಬಾರದು. ಅವನು ಓದದಿದ್ದದ್ದನ್ನು ನಾನು ಆಡಬಾರದು. ಕಂಬಕ್ಕೆ ಒರಗಬಾರದು. ಇನ್ನು ಕೆಲವು ಜಾಗಗಳನ್ನು ಓದಬಹುದು, ಹೇಳಬಾರದು. ಅಲ್ಲಿ ನಾನು ಕಲ್ಲಿನಂತೆ ನಿಂತಿರಬೇಕು. ಇದನ್ನೆಲ್ಲ ಹೇಳುವುದು ಬಿಟ್ಟು ಅಂದು ನಾನು, "ಅದು ಹೇಳಬಾರದ ಜಾಗ ಕಣಮ್ಮ" ಎಂದಷ್ಟೇ ಅಂದಿದ್ದೆ.

ಯಾವ ಜಾಗಗಳು ಅವು? ಎಲ್ಲವೂ ದೊಡ್ಡವರವು. ರೂಬೇನ ಅಪ್ಪನ ಹಾಸಿಗೆಯನ್ನು ಕೆಡಿಸಿದ್ದು ಹೇಳಬಾರದು. ಆರೋನ, ಮಹಾಯಾಜಕ, ಜನಕ್ಕೆ ಬಂಗಾರದ ಕರು ಮಾಡಿಕೊಟ್ಟು, ತಮ್ಮ ಮೋಶೆ ಬಂದು ಕೇಳಿದಾಗ ಏನೆಂದ ಗೊತ್ತೇ? "ಬಂಗಾರ ಬೆಂಕಿಗೆ ಹಾಕ್ದೆ, ಕರು ತಾನಾಗೇ ಎದ್ದು ಬಂತು." ಅದನ್ನೂ ಹೇಳಬಾರದು, ಜನ ನಕ್ಕಾರು. ದಾವೀದನ ಮನೆಯೊಳಗೆ ನಡೆದದ್ದು ಹೇಳಬಾರದು, ರಾಜರ ಮಾನ ಹೋದೀತು. ಸಮುದ್ರ ಸೀಳಿದ್ದನ್ನು ಹೇಳಿದ್ದೇನೆ. ಗಿದ್ಯೋನ ಮುನ್ನೂರು ಜನರನ್ನು ಕಟ್ಟಿಕೊಂಡು ದಂಡನ್ನೇ ಓಡಿಸಿದ್ದನ್ನು ಹೇಳಿದ್ದೇನೆ. ಕುರಿ ಕಾಯುತ್ತಿದ್ದ ದಾವೀದ ರಾಕ್ಷಸನ ಹಣೆಗೆ ಕಲ್ಲು ಬೀಸಿದ್ದನ್ನು ಹೇಳುವಾಗ ಮುದುಕರೂ ಕುಳಿತಲ್ಲೇ ಕೈ ಬೀಸುತ್ತಿದ್ದರು. ಗೆದ್ದದ್ದನ್ನೆಲ್ಲ ಬಾಯ್ತುಂಬ ಹೇಳಿ, ಬಿದ್ದದ್ದು ಬಂದಾಗ ತುಟಿ ಹೊಲಿದುಕೊಂಡೆ. ಬರೆದಿಟ್ಟ ಪುಣ್ಯಾತ್ಮರಿಗೆ ಇಲ್ಲದ ನಾಚಿಕೆ ನಮ್ಮ ಹಿರಿಯರಿಗೆ ಎಲ್ಲಿಂದ ಬಂತು? ಅವರು ಮುಚ್ಚಬೇಕೆಂದಿದ್ದರೆ ಬರೆಯುತ್ತಲೇ ಇರಲಿಲ್ಲ.

ಯೂದನ ತಪ್ಪೊಂದನ್ನು ಮಾತ್ರ ಹೇಳಬಹುದು. ಅವನು ಸೊಸೆಗೆ ಅನ್ಯಾಯ ಮಾಡಿ, ಅವಳನ್ನೇ ಸುಡಿಸಲು ಹೊರಟವನು. ಆದರೆ ಕೊನೆಗೆ ಎಲ್ಲರ ಮುಂದೆ ತಪ್ಪು ತನ್ನದೆಂದು ಒಪ್ಪಿಕೊಂಡ. ಒಪ್ಪಿಕೊಂಡವನ ಕಥೆಯನ್ನು ಬಿಡಿಸಿ ಹೇಳಿದರೆ ಅವನಿಗೆ ಅವಮಾನವಿಲ್ಲ ಎಂದು ಹಿರಿಯರು ಬಿಟ್ಟಿದ್ದಾರೆ. ಈ ಮಾತು ನೆನಪಿಟ್ಟುಕೋ.

ಇನ್ನು ನಡೆದದ್ದು. ಕಳೆದ ತಿಂಗಳು ಹಬ್ಬ ಮುಗಿದ ಮೇಲೆ ಹಲಾಫ್ತಾನ ತಂಗಿ ನಮ್ಮ ಮನೆಗೆ ಬಂದಳು. ಹಲಾಫ್ತಾ ನಿನಗೆ ಗೊತ್ತಲ್ಲ, ಸಭಾಮಂದಿರದಲ್ಲಿ ಸುರುಳಿಗಳನ್ನು ತೆಗೆದಿಡುವವನು, ಬಾಯಿ ಸತ್ತವನು. ಅವನ ತಂಗಿಗೆ ಗಂಡನಿಲ್ಲ, ಸೆರಹ ಎಂಬ ಒಬ್ಬಳೇ ಮಗಳು. "ನಾರಿನ ಮನೆಗೆ ಬಾ ಅಂತ ಕರೆ ಬಂದಿದೆ. ಹುಡುಗಿ ಒಲ್ಲೆ ಅಂತಾಳೆ, ಯಾಕೆ ಅಂದ್ರೆ ಹೇಳಲ್ಲ. ದೇವರ ಮಾತು ಹೇಳೋರು ನೀವು. ಕಳಿಸ್ಲಾ, ಬೇಡ್ವಾ?" ಎಂದು ಕೇಳಿದಳು.

ನಾನೇನು ಹೇಳಿದೆ ಗೊತ್ತೇ? "ದೊಡ್ಡ ಮನೆ ಕಣಮ್ಮ. ನೋಡ್ಕೊಂಡು ಹೋಗ್ಲಿ" ಎಂದೆ.

ಅವಳು ಹೋದ ಮೇಲೆ ಅವ್ವ ಒಳಗಿನಿಂದ ಬಂದಳು, ಕೈಯಲ್ಲಿ ಹಿಟ್ಟು. "ನೋಡ್ಕೊಂಡು ಹೋಗ್ಲಿ ಅಂದ್ರೆ ಏನ್ರೀ ಅರ್ಥ? ನಮ್ಮವಳೇನು ಕಣ್ಣು ಮುಚ್ಕೊಂಡು ಹೋಗಿದ್ಳಾ?" ಎಂದಳು. ಆಮೇಲೆ ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಬೇಳೆಯ ಬಟ್ಟಲು ತಂದು ಮುಂದೆ ಕುಕ್ಕುವುದು, ಎದ್ದು ಹೋಗುವುದು. ನಾನೂ ಹಾಗೇ ತಿಂದೆ.

ಐದನೆಯ ದಿನ ಸಬ್ಬತ್. ಹೊಸ ನೆಲದ ಪ್ರತಿಷ್ಠೆ. ಅಂದು ಪ್ರವಾದಿಗಳ ಸುರುಳಿಯನ್ನು ತಾನೇ ಓದುತ್ತೇನೆಂದು ಬೆರೆಖ್ಯ ಹಟ ಹಿಡಿದಿದ್ದ. ಅವನ ಓದಿನ ಹಣೆಬರಹ ನಿನಗೂ ಗೊತ್ತು. ಅಕ್ಷರ ಕೂಡಿಸಿ ಗಟ್ಟಿಯಾಗಿ ಕೂಗಬಲ್ಲ, ಅರ್ಥ ಒಂದು ಚೂರೂ ಇಲ್ಲ. ದೇವರು ದಾವೀದನಿಗೆ ನಿನ್ನ ಮನೆತನವನ್ನು ನಿಲ್ಲಿಸುತ್ತೇನೆಂದು ಮಾತು ಕೊಟ್ಟದ್ದು, ದಾವೀದ ಸುತ್ತಲ ನಾಡುಗಳನ್ನು ಗೆದ್ದದ್ದು, ಇವೆರಡನ್ನು ಓದಿ, ನಡುವೆ ಹಾರಿಸಿ, ದಾವೀದನ ಹಾಡಿಗೆ ಹೋಗುವುದೆಂದು ಗೊತ್ತಾಗಿತ್ತು. ಪ್ರವಾದಿಗಳ ಸುರುಳಿಯಲ್ಲಿ ಹಾಗೆ ಹಾರಿಸುವುದಕ್ಕೆ ಅಡ್ಡಿಯಿಲ್ಲ, ಹೇಳುವವನು ಮಾತು ಮುಗಿಸುವಷ್ಟರಲ್ಲಿ ಸುರುಳಿ ಅಲ್ಲಿಗೆ ಬಂದಿರಬೇಕು ಅಷ್ಟೆ. ಸುರುಳಿ ಸುತ್ತುವ ಕೆಲಸ ಹಲಾಫ್ತಾನದು.

ಗೆದ್ದದ್ದರವರೆಗೆ ಎಲ್ಲ ಸರಿಯಿತ್ತು. ನಾನು ಕೊನೆಯ ಮೂರು ಸಾಲು ಹೇಳುತ್ತಿದ್ದಾಗ ಹಲಾಫ್ತಾ ಸುರುಳಿ ಸುತ್ತಿದ. ಹಾಡಿನ ತನಕ ಸುತ್ತಬೇಕಾದವನು ಅರ್ಧಕ್ಕೆ ನಿಲ್ಲಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು, ಬೆರೆಖ್ಯನ ಕಡೆ ತಲೆಯಾಡಿಸಿದ. ಕೈ ಜಾರಿತು ಎಂದು ಅವನು ಇವತ್ತಿಗೂ ಹೇಳುತ್ತಾನೆ. ಇಪ್ಪತ್ತು ವರ್ಷದಲ್ಲಿ ಅವನ ಕೈ ಜಾರಿದ್ದನ್ನು ನಾನಂತೂ ಕಂಡಿಲ್ಲ.

ಬೆರೆಖ್ಯ ಎದೆಯುಬ್ಬಿಸಿ ಮೂರು ಸಾಲು ಓದಿದ. ದಾವೀದನ ಮಗ ಅಬ್ಷಾಲೋಮ, ಅವನ ಚೆಲುವೆ ತಂಗಿ ತಾಮಾರ್, ಅವಳ ಮೇಲೆ ಕಣ್ಣು ಹಾಕಿದ, ದಾವೀದನ ಇನ್ನೊಬ್ಬ ಹೆಂಡತಿಯ ಮಗ ಅಮ್ನೋನ. ಮೊದಲ ಮಾತಿಗೇ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಸಿಮ್ಲಾಯ ಕೋಲಿನಿಂದ ನೆಲ ಕುಟ್ಟಿ ಕೆಮ್ಮಿದ. ನಾನು ಸುಮ್ಮನಿರಬೇಕಾದ ಜಾಗ ಅದು. ಕಲ್ಲಾಗಿ ನಿಂತರೆ ಬೆರೆಖ್ಯ ಓದಿಕೊಂಡು ಹೋಗುತ್ತಿದ್ದ, ಅವನಿಗೂ ತಿಳಿಯುತ್ತಿರಲಿಲ್ಲ, ಜನಕ್ಕೂ ತಿಳಿಯುತ್ತಿರಲಿಲ್ಲ. ನಾನು ಹೆಂಗಸರ ಕಡೆ ನೋಡಿದೆ. ಸೆರಹ ತಾಯಿಯ ಪಕ್ಕ ತಲೆ ಬಗ್ಗಿಸಿ ಕುಳಿತಿದ್ದಳು. ಅವ್ವ ತಲೆಯೆತ್ತಿ ನೇರ ನನ್ನನ್ನೇ ನೋಡುತ್ತಿದ್ದಳು.

ನಾನು ಹೇಳಿದೆ, ಶಪೀರಾ. "ದಾವೀದ ರಾಜನಿಗೆ ಒಬ್ಬ ಮಗ. ಅವನಿಗೆ ಒಂದು ಹುಡುಗಿಯ ಮೇಲೆ ಕೆಟ್ಟ ಕಣ್ಣು ಬಿತ್ತು" ಎಂದೆ. ಕುಳಿತವರೆಲ್ಲ ಮುಂದಕ್ಕೆ ಬಾಗಿದರು. ಅಷ್ಟು ಜನ ಅಷ್ಟು ಕಿವಿಗೊಟ್ಟು ಕೇಳಿದ್ದನ್ನು ಬೆರೆಖ್ಯ ಹಿಂದೆಂದೂ ಕಂಡವನಲ್ಲ. ತನ್ನ ಕಂಠಕ್ಕೇ ಮರುಳಾಗಿದ್ದಾರೆ ಎಂದುಕೊಂಡನೋ ಏನೋ, ಇನ್ನಷ್ಟು ದನಿಯೇರಿಸಿ ಮುಂದಿನ ಮೂರು ಸಾಲು ಓದಿದ. ನಾನು ಹೇಳಿದೆ. ಅವನು ಮತ್ತೆ ಓದಿದ. ಕಾಯಿಲೆಯ ಸೋಗು ಹಾಕಿ ಮಲಗಿದ್ದು, ರೊಟ್ಟಿ ತಟ್ಟಿಕೊಡಲು ಅವಳೇ ಬರಲಿ ಎಂದದ್ದು, ಎಲ್ಲರನ್ನೂ ಹೊರಗೆ ಕಳಿಸಿದ್ದು, ಬೇಡ ಬೇಡ ಎಂದರೂ ಬಿಡದೆ ಅವಳನ್ನು ಕೆಡಿಸಿದ್ದು, ಆಮೇಲೆ ಆಳನ್ನು ಕರೆದು "ಇವಳನ್ನು ಆಚೆಗೆ ಹಾಕು, ಅಗುಳಿ ಹಾಕು" ಎಂದದ್ದು. ಓದಿದವನು ಅವನೇ. ಅವನ ಬಾಯಿಂದಲೇ ಬಂದದ್ದನ್ನು ನಾನು ಅವನಿಗೇ ತಿಳಿಯುವ ಮಾತಿನಲ್ಲಿ ವಾಪಸ್ಸು ಕೊಟ್ಟೆ. ಅಗುಳಿ ಎಂಬ ಮಾತು ಬಂದಾಗ ಅವನು ಸುರುಳಿಯಿಂದ ಕತ್ತೆತ್ತಿ ನನ್ನನ್ನು ನೋಡಿದ.

ಅಲ್ಲಿಗೆ ಅವನ ಓದು ನಿಂತಿತು. ನನ್ನ ಮಾತು ನಿಲ್ಲಲಿಲ್ಲ. ಓದದ್ದನ್ನು ಆಡಬಾರದು ಎಂಬುದನ್ನೂ ಮುರಿದೆ. ತಾಮಾರ್ ತಲೆಗೆ ಬೂದಿ ಸುರಿದುಕೊಂಡು, ಮೈಮೇಲಿನ ಉದ್ದ ಅಂಗಿಯನ್ನು ಹರಿದುಕೊಂಡು, ಕೂಗುತ್ತ ಬೀದಿಯಲ್ಲಿ ನಡೆದಳು ಎಂದೆ. ಅವಳ ಅಣ್ಣ ಅಬ್ಷಾಲೋಮ ಅವಳಿಗೆ ಏನು ಹೇಳಿದ ಎಂಬಲ್ಲಿಗೆ ಬಂದೆ. ಅದನ್ನು ಹೇಳಿ, ಕೈಚಾಚಿ ಕಂಬ ಹುಡುಕಿದೆ. ಕಂಬಕ್ಕೆ ಒರಗಿದೆ. ಮುದುಕನಿಗೆ ಆಯಾಸ ಎಂದು ಜನ ತಿಳಿದರು. ಒರಗಿಕೊಂಡೇ ಕೊನೆಯ ಸಾಲು ಹೇಳಿದೆ: "ದಾವೀದ ರಾಜ ಇದನ್ನೆಲ್ಲ ಕೇಳಿದ. ಅವನಿಗೆ ಬಹಳ ಸಿಟ್ಟು ಬಂತು."

ಸಾಲು ಅಲ್ಲಿಗೆ ಮುಗಿಯುತ್ತದೆ. ಸಿಟ್ಟು ಬಂತು, ಅಷ್ಟೆ. ಮಗನನ್ನು ಕರೆಸಲಿಲ್ಲ, ಕೇಳಲಿಲ್ಲ, ಮಗಳ ತಲೆಯ ಬೂದಿ ಒರೆಸಲಿಲ್ಲ. ಹೊರಗಿನ ರಾಕ್ಷಸನ ಹಣೆಗೆ ಕಲ್ಲು ಬೀಸಿದವನಿಗೆ ಮನೆಯ ಮಗನ ಮುಂದೆ ಕೈ ಮೇಲೇಳಲಿಲ್ಲ. ಅವನೆಂದರೆ ನನಗೆ ಪ್ರಾಣ, ಅವನ ಹಾಡುಗಳನ್ನು ಹೇಳಿಕೊಂಡೇ ಮುದುಕನಾದೆ. ಅದಕ್ಕೇ ಅವನ ಮೇಲೆ ನನಗೆ ಇಷ್ಟು ಸಿಟ್ಟು.

ಮರುದಿನ ನಾರಿನ ಮನೆಗೆ ಸೆರಹ ಹೋಗಲಿಲ್ಲ. ಉಳಿದ ಒಂಬತ್ತು ಹುಡುಗಿಯರೂ ಹೋಗಲಿಲ್ಲ. ಯಾರೂ ಯಾರಿಗೂ ಏನೂ ಹೇಳಿಕೊಂಡಿರಲಿಲ್ಲ, ಅವರವರ ತಾಯಂದಿರು ಬಾಗಿಲಲ್ಲಿ ಅಡ್ಡ ನಿಂತರಂತೆ. ಕೊಳದಲ್ಲಿ ನೆನೆಹಾಕಿದ ನಾರು ಕೊಳೆತು ಊರೆಲ್ಲ ನಾರುತ್ತಿದೆ. ನಾರಲಿ.

ಮಂಗಳವಾರ ಹಿರಿಯರು ಕರೆಸಿದರು. ಸಿಮ್ಲಾಯ, ಪಾಪ, ಕೆಟ್ಟವನಲ್ಲ. "ತನ್ಹೂಮಣ್ಣ, ದಾವೀದ ನಮ್ಮ ರಾಜ. ಅವನ ಮನೆ ಕೊಳೆಬಟ್ಟೆನ ಹೆಂಗಸರ ಮುಂದೆ ಯಾಕಯ್ಯ ಒಗೆದೆ?" ಎಂದ.

"ಆ ಕೊಳೆ ಯಾರ ಮೈಗೆ ಬಳೀತಾರೋ ಅವರಿಗೇ ಗೊತ್ತಿರಬಾರದಾ?" ಎಂದೆ.

"ಮೂರು ತಪ್ಪು ಮಾಡಿದೀಯ. ಹೇಳಬಾರದ್ದು ಹೇಳಿದೆ, ಓದದ್ದು ಹೇಳಿದೆ, ಕಂಬಕ್ಕೆ ಒರಗಿದೆ."

"ಕಂಬಕ್ಕೆ ಒರಗಿದ್ದು ತಪ್ಪು, ಒಪ್ಕೊಂಡೆ. ದಂಡ ಏನು ಹೇಳಿ" ಎಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಬೆರೆಖ್ಯ ಎದ್ದ. "ನಾನೇನು ದಾವೀದನ ಮಗನಾ? ನನಗೂ ಅದಕ್ಕೂ ಏನು ಸಂಬಂಧ? ನಮ್ಮ ಮನೇಲಿ ಯಾವ ಬಾಗಿಲಿಗೂ ಅಗುಳಿನೇ ಇಲ್ಲ, ಬೇಕಾದ್ರೆ ಬಂದು ನೋಡಿ" ಎಂದ. ಅವನ ಮನೆಯ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ. ಹಿರಿಯರೆಲ್ಲ ತಮ್ಮ ತಮ್ಮ ಗಡ್ಡ ನೋಡಿಕೊಂಡು ಕುಳಿತರು. ಆಮೇಲೆ ಅವರು ಕೊಟ್ಟ ತೀರ್ಪನ್ನು ಮೊದಲೇ ಬರೆದಿದ್ದೇನೆ.

ಹೊರಗೆ ಬಂದಾಗ ಸಿಮ್ಲಾಯ ಹಿಂದಿನಿಂದ ಬಂದು ತೋಳು ಹಿಡಿದ. "ಒಂದು ಮಾತು ಅಂದುಬಿಡೋ. ನಿನಗೇನು ಹೋಗತ್ತೆ? ಊರು ಒಡೀಬಾರದು ಕಣೋ." ಅವನ ಕೈಯನ್ನು ಕೊಡವಿ ಬಂದೆ. ಊರು ಒಡೆದು ಹನ್ನೊಂದು ವರ್ಷವಾಯಿತು. ಒಂದು ಚೂರು ತೂರಿನಲ್ಲಿ ಬಿದ್ದಿದೆ ಎಂದು ಅವನಿಗೆ ಹೇಗೆ ಹೇಳಲಿ?

ಬಾಯಿ ತಪ್ಪಿತು ಎಂದು ನಾನು ಅನ್ನುವುದಿಲ್ಲ. ಅವ್ವ ಈಗಾಗಲೇ ಬಹಿಷ್ಕಾರಕ್ಕೆ ತಯಾರಾಗಿದ್ದಾಳೆ. ಕೆಂಡ ಯಾರೂ ಕೊಡದಿದ್ದರೆ ಒಲೆ ಆರಬಾರದಲ್ಲ ಎಂದು ಆಲಿವ್ ಬೇರಿನ ಕೊರಡುಗಳನ್ನು ಒಟ್ಟುತ್ತಿದ್ದಾಳೆ. ನನ್ನೊಡನೆ ಮತ್ತೆ ಮಾತಾಡುತ್ತಿದ್ದಾಳೆ, ಬೈಗುಳವೇ ಆದರೂ ಕಿವಿಗೆ ಹಿತವಾಗಿದೆ.

ಓಲೆಯ ಜೊತೆ ಅಂಜೂರ ಇದೆ, ಈ ವರ್ಷದ್ದು ಸಿಹಿ ಕಡಿಮೆ. ನಿನ್ನ ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆ ಎಂದುಕೋ. ನಮ್ಮ ತಾಯಂದಿರಾದ ಸಾರ, ರೆಬೆಕ್ಕ, ರಾಹೇಲ, ಲೇಯರನ್ನು ಕಾಯ್ದವನು ನಿನ್ನನ್ನೂ ಕಾಯಲಿ. ನಿನ್ನ ಮನೆಯ ಬಾಗಿಲು ನಿನ್ನ ಕೈಯಿಂದಲೇ ತೆರೆಯಲಿ, ನಿನ್ನ ಕೈಯಿಂದಲೇ ಮುಚ್ಚಲಿ.

ನಿನ್ನ ಅಪ್ಪ,
ತನ್ಹೂಮ

ಮರೆತ ಮಾತು: ಇಷ್ಟು ಬರೆದು ಓಲೆ ಸುತ್ತಿ ದಾರ ಕಟ್ಟಿದ್ದೆ. ಅವ್ವ ಕೇಳಿದಳು, "ಎಲ್ಲಾ ಬರೆದ್ರಾ?" ಬರೆದೆ ಎಂದೆ. "ಆ ಮಾತೂ?" ಎಂದಳು. ದಾರ ಬಿಚ್ಚಿದೆ.

ಕಂಬಕ್ಕೆ ಒರಗಿದ್ದು ಆಯಾಸಕ್ಕಲ್ಲ. ಅಬ್ಷಾಲೋಮ ತಂಗಿಗೆ ಹೇಳಿದ ಆ ಸಾಲು, ಅದನ್ನು ನಮ್ಮ ಮಾತಿಗೆ ತಂದು ಜನರೆದುರು ಆಡಿದ್ದು ಅದೇ ಮೊದಲು. "ಸುಮ್ನಿರಮ್ಮ. ಅವನು ನಮ್ಮವನೇ. ಮನಸ್ಸಿಗೆ ಹಚ್ಕೋಬೇಡ" ಎಂದೆ. ನನ್ನ ಕಿವಿಗೆ ಬಿದ್ದಾಗ ತಿಳಿಯಿತು, ಆ ಸಾಲನ್ನು ನಾನು ಹನ್ನೊಂದು ವರ್ಷದ ಹಿಂದೆಯೇ ಹೇಳಿದ್ದೆ, ನಿನ್ನೊಬ್ಬಳ ಮುಂದೆ, ನಮ್ಮ ಒಲೆಯ ಪಕ್ಕದಲ್ಲಿ. ನಿನ್ನ ಕೂದಲಲ್ಲಿ ನಾರಿನ ಎಳೆಗಳಿದ್ದವು. ನೀನು ಅಳಲಿಲ್ಲ. ನನ್ನನ್ನೇ ನೋಡಿ ಕೇಳಿದೆ: "ಅಪ್ಪ, ಇದೂ ಹೇಳಬಾರದ ಜಾಗಾನಾ?"

ನಾನು ಹೂಂ ಎಂದೆ.

ಬೆರೆಖ್ಯನ ಮೇಲೆ, ಸಿಮ್ಲಾಯನ ಮೇಲೆ, ದಾವೀದನ ಮೇಲೆ ಇಷ್ಟುದ್ದ ಬೆಂಕಿ ಕಾರಿದ್ದೇನೆ. ಆ ಹೂಂ ಎಂದವನ ಮೇಲೆ ಒಂದು ಸಾಲೂ ಬರೆದಿರಲಿಲ್ಲ. ಮೇಲೆ ಯೂದನ ಮಾತು ನೆನಪಿಟ್ಟುಕೋ ಎಂದಿದ್ದೆ. ಅವನು ಸೊಸೆಯ ಬಗ್ಗೆ ಊರ ಮುಂದೆ ಅಂದದ್ದು ಇಷ್ಟೇ: ನನಗಿಂತ ಅವಳೇ ನ್ಯಾಯವಂತೆ. ಹೊಸ ಚಂದ್ರ ಕಂಡ ದಿನ ಹಿರಿಯರ ಮುಂದೆ ನಿಂತು ನಾನು ಹೇಳಬೇಕೆಂದಿರುವುದೂ ಅದನ್ನೇ. ಬೆರೆಖ್ಯ ಬಾಗಿಲು ಹಾಕಿದ, ನಾನು ಮಗಳ ಬಾಯಿ ಮುಚ್ಚಿದೆ ಎಂದು ಹೇಳಬೇಕು. ಆದರೆ ಹೆಸರು ನಿನ್ನದು. ನಿನ್ನನ್ನು ಕೇಳದೆ ಒಮ್ಮೆ ಮುಚ್ಚಿದೆ, ಕೇಳದೆ ಬಿಚ್ಚುವ ಹಕ್ಕು ನನಗಿಲ್ಲ.

ಒಂಟೆಯವನು ತೂರಿನಲ್ಲಿ ಎರಡು ದಿನ ಇರುತ್ತಾನೆ. ಹೇಳು ಎಂದರೆ ಹೇಳುತ್ತೇನೆ, ಬೇಡ ಎಂದರೆ ನಿನ್ನ ಹೆಸರೆತ್ತದೆ ಬಹಿಷ್ಕಾರ ಹೊರುತ್ತೇನೆ. ನೀನು ಅಂದದ್ದನ್ನು ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ ತರಬೇಕೆಂದು ಅವನಿಗೆ ಹೇಳಿದ್ದೇನೆ. ಬೈಗುಳವಿದ್ದರೆ ಅದನ್ನೂ.